ಮನೆಯ ರಿಪೇರಿ, ವರ್ಕ್‌ಶಾಪಿನ ರಿಪೇರಿ: ಚಿನ್ನದ ಗಣಿಯ ಊರಿನಿಂದ ಒಂದು ಪಾಠ



ಬೆಳಗಿನ ಹೊತ್ತು ಚಟ್ನಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದ ಕೂಡಲೇ ಮಿಕ್ಸಿ ಒಮ್ಮೆ ಗುರುಗುಟ್ಟಿ ನಿಂತುಬಿಟ್ಟಿತೆಂದು ಭಾವಿಸಿ. ಮನೆಯಲ್ಲಿ ಎರಡು ಪಕ್ಷಗಳು ಏಳುತ್ತವೆ. "ಬಿಚ್ಚಿ ನೋಡೋಣ" ಎನ್ನುವುದು ಒಂದು ಪಕ್ಷ. "ಕೈಹಾಕಬೇಡಿ, ಅಂಗಡಿಗೆ ಕೊಡೋಣ" ಎನ್ನುವುದು ಇನ್ನೊಂದು. ಇಷ್ಟು ಸಣ್ಣ ವಾದಕ್ಕೂ ಒಂದು ಚರಿತ್ರೆಯಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಆ ಚರಿತ್ರೆಯನ್ನು ತಿಳಿಯಲು ನಮ್ಮ ನಾಡಿಗೆ ದೊಡ್ಡ ಪ್ರಮಾಣದ ವಿದ್ಯುತ್ತು ಮೊದಲು ಬಂದ ಊರಿಗೇ ಹೋಗೋಣ.

ಬೆಂಗಳೂರಿನಿಂದ ಜೋಲಾರಪೇಟೆಯತ್ತ ಸಾಗುವ ರೈಲು ಮಾರ್ಗ ತೆರೆದದ್ದು 1864ರಲ್ಲಿ. ಆ ದಾರಿಯಲ್ಲಿರುವ ಬಂಗಾರಪೇಟೆಗೆ ಆಗಿದ್ದ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ನೆನಪಿನ ಹೆಸರು ಅದು. ಸಮೀಪದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಕೆಲಸ ಆರಂಭಿಸಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ಕವಲು ರೈಲುದಾರಿಯೂ ಬಂದಿತು. ಯಂತ್ರಗಳು ಇಂಗ್ಲೆಂಡಿನಿಂದ ಹಡಗೇರಿ, ಬಂದರಿನಿಂದ ರೈಲೇರಿ ಇಲ್ಲಿಗೆ ಬರುತ್ತಿದ್ದವು.

ಈಗ ಒಂದು ಪ್ರಶ್ನೆ. ನೆಲದಡಿಯಲ್ಲಿ ನೂರಾರು ಜನ ದುಡಿಯುತ್ತಿರುವಾಗ, ಅವರನ್ನು ಮೇಲೆತ್ತುವ ಯಂತ್ರದ ಒಂದು ಭಾಗ ಮುರಿದರೆ ಏನು ಮಾಡುವುದು? ಹೊಸ ಭಾಗಕ್ಕಾಗಿ ಸಮುದ್ರದಾಚೆಗೆ ಕಾಗದ ಬರೆದು ವಾರಗಟ್ಟಲೆ ಕಾಯಲಾದೀತೇ? ಆದುದರಿಂದ ಗಣಿಯ ಪಕ್ಕದಲ್ಲೇ ಕಾರ್ಯಾಗಾರ ಬೇಕಾಯಿತು. ಕಾರ್ಮಿಕರ ಬಾಯಲ್ಲಿ ಅದು ವರ್ಕ್‌ಶಾಪು. ಫಿಟ್ಟರ್, ಟರ್ನರ್, ಮೋಲ್ಡರ್, ವೈರ್‌ಮನ್ ಎಂಬ ಮಾತುಗಳು ಇಂಥ ಊರುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರಕ್ಕೂ ಸೇರಿದ ಮಾತುಗಳಾದವು.

1902ರ ಜೂನ್ 30ರಂದು ಈ ಊರಿನ ಭಾಗ್ಯ ಇನ್ನೊಂದು ರೀತಿಯಲ್ಲಿ ಬದಲಾಯಿತು. ಅಂದು ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗಳನ್ನು ತಲುಪಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಯೋಜನೆ ಇದರ ಹಿಂದೆ ಇದ್ದವು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಇದಾದ ಮೇಲೆ, 1905ರಲ್ಲಿ. ನಮ್ಮಲ್ಲಿ ವಿದ್ಯುತ್ತು ಮೊದಲು ದುಡಿಮೆಯ ಯಂತ್ರಕ್ಕೆ ಬಂದು, ಆಮೇಲೆ ಬೀದಿಗೂ ಮನೆಗೂ ಬಂದಿತೆಂಬುದು ಗಮನಿಸಬೇಕಾದ ಸಂಗತಿ. ಅದರ ರಿಪೇರಿಯ ವಿದ್ಯೆಯೂ ಹಾಗೆಯೇ ಮೊದಲು ವರ್ಕ್‌ಶಾಪಿನಲ್ಲಿ ಹುಟ್ಟಿತು.

ಇನ್ನೊಂದು ಸ್ವಾರಸ್ಯವಿದೆ. ಆ ಮೊದಲ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ಇಂದು ನಮ್ಮ ಮನೆಗೆ ಬರುವುದು 50 ಆವರ್ತಗಳದು. 50 ಆವರ್ತಕ್ಕೆಂದು ಮಾಡಿದ ಫ್ಯಾನನ್ನು ಅಷ್ಟೇ ವೋಲ್ಟಿನ 25 ಆವರ್ತಕ್ಕೆ ಜೋಡಿಸಿದರೆ ಏನಾಗುತ್ತದೆ? ಅದು ನಿಧಾನವಾಗಿ ತಿರುಗುತ್ತದೆ, ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಯಾವ ದೋಷವೂ ಕಾಣದು. ದೋಷ ಯಂತ್ರದ ಒಳಗೇ ಇರಬೇಕೆಂದಿಲ್ಲ ಎಂಬುದು ಅಳೆದು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ವರ್ಕ್‌ಶಾಪಿನ ಮೊದಲ ಪಾಠವೇ ಇದು: ಮೊದಲು ಅಳೆಯಬೇಕು, ಆಮೇಲೆ ಬಿಚ್ಚಬೇಕು.

ಹಾಗಾದರೆ ಮನೆಯಲ್ಲಿ ವಿದ್ಯೆಯೇ ಇರಲಿಲ್ಲವೇ? ಖಂಡಿತ ಇತ್ತು. ಸೀಮೆಎಣ್ಣೆಯ ಪಂಪ್ ಸ್ಟೌವನ್ನು ನೆನಪಿಸಿಕೊಳ್ಳಿ. ನೀವು ನೋಡಿರದಿದ್ದರೆ ಅಜ್ಜಿಯನ್ನು ಕೇಳಿ. ಪಂಪು ಒತ್ತಿದಾಗ ಟ್ಯಾಂಕಿನೊಳಗಿನ ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಕಾದ ಬರ್ನರಿನಲ್ಲಿ ಎಣ್ಣೆ ಆವಿಯಾಗಿ ಕೂದಲೆಳೆಯಂಥ ತೂತಿನಿಂದ ಹೊರಬಂದು ಉರಿಯುತ್ತದೆ. ಆ ತೂತು ಕಟ್ಟಿಕೊಂಡರೆ ಗೃಹಿಣಿ ಸ್ಟೌ ಪಿನ್ನಿನಿಂದ ಚುಚ್ಚಿ ಸರಿಮಾಡುತ್ತಿದ್ದರು. ಪಂಪಿನ ಚರ್ಮದ ವಾಷರ್ ಒಣಗಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕಾಗುತ್ತಿತ್ತು. ಆದರೆ ಟ್ಯಾಂಕು ಸೋರತೊಡಗಿದರೆ? ಅದನ್ನು ಮನೆಯಲ್ಲಿ ಮುಟ್ಟುವಂತಿಲ್ಲ. ಖಾಲಿಯಾದ ಟ್ಯಾಂಕಿನಲ್ಲೂ ಎಣ್ಣೆಯ ಆವಿ ಉಳಿದಿರುತ್ತದೆ. ಬೆಸುಗೆಯ ಬೆಂಕಿ ತಾಗಿದರೆ ಅನಾಹುತ. ಅದು ಬೆಸುಗೆ ಬಲ್ಲವರ ಕೆಲಸ.

ಇವೆರಡರ ನಡುವೆ ಮೂರನೆಯದೊಂದೂ ಇತ್ತು. ವರ್ಕ್‌ಶಾಪೇ ಮನೆಬಾಗಿಲಿಗೆ ನಡೆದು ಬರುತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ತಿದಿ, ತವರ, ನವಸಾಗರಗಳೊಂದಿಗೆ ಬೀದಿಯಲ್ಲೇ ಒಲೆ ಹೂಡುತ್ತಿದ್ದರು. ಸವೆದು ನುಣುಪಾದ ಒರಳುಕಲ್ಲಿಗೆ ಉಳಿಯಿಂದ ಏಟು ಹಾಕಿ ಒರಟು ಮಾಡಿಕೊಡುವವರು ಬರುತ್ತಿದ್ದರು. ಕತ್ತಿಗೆ ಸಾಣೆ ಹಿಡಿಯುವವರೂ ಬರುತ್ತಿದ್ದರು. ಮನೆಯವರು ಎದುರಿಗೇ ನಿಂತು ಕೆಲಸ ನೋಡುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ನೋಡುತ್ತ ನೋಡುತ್ತ ಮಕ್ಕಳು ಕಲಿಯುತ್ತಿದ್ದರು.

ಗಣಿಯ ಊರಿನಲ್ಲಿ ಇಂಥ ಕಲಿಕೆಗೆ ಅವಕಾಶ ಇನ್ನೂ ಹೆಚ್ಚು. ಅಲ್ಲಿನ ಕಾರ್ಮಿಕರ ಮನೆಗಳು ಸಾಲುಸಾಲಾಗಿದ್ದವು. ಅವನ್ನು 'ಲೈನು'ಗಳೆಂದೇ ಕರೆಯುತ್ತಾರೆ. ಪಾಳಿ ಮುಗಿಸಿ ಬಂದ ಫಿಟ್ಟರ್ ವರ್ಕ್‌ಶಾಪಿನ ಲೇತನ್ನು ಮನೆಗೆ ತರಲಾರ. ಆದರೆ ಕೈಯ ಹದವನ್ನೂ ಕಣ್ಣಿನ ಅಳತೆಯನ್ನೂ ಅಲ್ಲೇ ಬಿಟ್ಟುಬರಲೂ ಆರ. ನೆರೆಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಕೇಳಲು ಬಲ್ಲವರೊಬ್ಬರು ಪಕ್ಕದಲ್ಲೇ ಇರುವುದು ದೊಡ್ಡ ಅನುಕೂಲ. "ಇದನ್ನು ನೀನೇ ಮಾಡಿಕೊ, ಇದನ್ನು ಮಾತ್ರ ಮುಟ್ಟಬೇಡ" ಎಂದು ಹೇಳಬಲ್ಲವರು ಅವರು. ಮನೆಗೂ ವರ್ಕ್‌ಶಾಪಿಗೂ ನಡುವಿನ ಗೆರೆ ಎಲ್ಲಿದೆ ಎಂದು ತೋರಿಸಲು ಎರಡನ್ನೂ ಕಂಡವರೇ ಬೇಕು.

ಆ ಗೆರೆಯನ್ನು ಈಗ ನಿಮ್ಮ ಮಿಕ್ಸಿಯ ಮೇಲೆ ಎಳೆದು ನೋಡೋಣ. ಮೊದಲು ಪ್ಲಗ್ ಕೀಳಿ. ಅನೇಕ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಹೊರೆ ಹೆಚ್ಚಾದಾಗ ಅದು ಹೊರಚಾಚಿ ಮೋಟಾರನ್ನು ಉಳಿಸುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಮಿಕ್ಸಿ ಮತ್ತೆ ಓಡೀತು. ಇದು ಮನೆಯ ಕೆಲಸ. ಒಳಗೆ ಕಿಡಿ ಹೆಚ್ಚಾಗಿ, ವೇಗ ಏರಿಳಿಯುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಬಲ್ಲವರು ಜೊತೆಗಿದ್ದರೆ ಅದನ್ನೂ ಬದಲಿಸಿ ಕಲಿಯಬಹುದು. ಸುಟ್ಟ ವಾಸನೆ ಬಂದಿದ್ದರೆ ವೈಂಡಿಂಗ್ ಹೋಗಿರಬಹುದು. ಹಳೆಯ ಸುತ್ತುಗಳನ್ನು ಎಣಿಸಿ, ಅದೇ ದಪ್ಪದ ಎನಾಮಲ್ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ, ಪರೀಕ್ಷಿಸಬೇಕು. ಇದು ವರ್ಕ್‌ಶಾಪಿನ ಕೆಲಸ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನಂತೂ ಸ್ವಿಚ್ ಆರಿಸಿದ ಮೇಲೂ ನೀವು ಬಿಚ್ಚಕೂಡದು. ಅದರೊಳಗೆ ಸಾವಿರಾರು ವೋಲ್ಟು ಉಳಿದಿರಬಹುದು. ಹೀಗೆ ಗೆರೆ ಎಳೆಯುವುದು ಮೂರು ಪ್ರಶ್ನೆಗಳು: ಅಪಾಯ ಎಷ್ಟು? ಸಲಕರಣೆ ಇದೆಯೇ? ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಬಲ್ಲೆವೇ? ಮೂರನೆಯದನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ.

ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. 120 ವರ್ಷಗಳಲ್ಲಿ ಅಲ್ಲಿಂದ ಸುಮಾರು 800 ಟನ್ ಚಿನ್ನ ತೆಗೆಯಲಾಗಿತ್ತು. ನಷ್ಟದ ಲೆಕ್ಕ ಹಾಕುವಾಗ ಜನ ಚಿನ್ನವನ್ನೂ ಉದ್ಯೋಗವನ್ನೂ ಎಣಿಸಿದರು. ಕೈಗಳಲ್ಲಿದ್ದ ವಿದ್ಯೆಯನ್ನು ಎಣಿಸಿದವರು ಕಡಮೆ. 1964ರಲ್ಲಿ ಆರಂಭವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆ ಊರಿನಲ್ಲಿ ಉಳಿಯಿತು. ಆದರೆ ಎಷ್ಟೋ ಮನೆಗಳವರು ನಸುಕಿನಲ್ಲೇ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಒಂದು ಕಾಲಕ್ಕೆ ಯಂತ್ರಗಳನ್ನು ಊರಿಗೆ ತಂದ ಹಳಿಗಳೇ ವಿದ್ಯೆಯನ್ನು ಹೊರಗೆ ಕೊಂಡೊಯ್ದವು. ಬೆಳಗಿನಿಂದ ರಾತ್ರಿಯವರೆಗೆ ದೂರದಲ್ಲಿರುವವರನ್ನು ನೆರೆಮನೆಯವರು ಇಸ್ತ್ರಿಪೆಟ್ಟಿಗೆ ಹಿಡಿದು ಕೇಳುವುದು ಹೇಗೆ?

ಇಂದು ಗೆರೆ ಮತ್ತೂ ಸರಿದಿದೆ. ಅನೇಕ ವಸ್ತುಗಳನ್ನು ಅಂಟು ಹಾಕಿಯೇ ಮುಚ್ಚಿರುತ್ತಾರೆ; ಬಿಡಿಭಾಗ ಸಿಗುವುದಿಲ್ಲ; "ಹೊಸದೇ ತೆಗೆದುಕೊಳ್ಳಿ" ಎಂಬ ಉತ್ತರ ಸಿಗುತ್ತದೆ. ಮನೆಯೂ ಸೋಲುತ್ತದೆ, ಬೀದಿಯ ವರ್ಕ್‌ಶಾಪೂ ಸೋಲುತ್ತದೆ. ಈ ಕಾರಣದಿಂದಲೇ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಅದನ್ನು ಬಳಸುವ ಕೈಗಳೂ ಬೇಕು.

ಆದ್ದರಿಂದ ಮುಂದಿನ ಸಲ ಮನೆಯಲ್ಲಿ ಏನಾದರೂ ಕೆಟ್ಟಾಗ ನಿಮ್ಮ ಬೀದಿಯ ರಿಪೇರಿ ಅಂಗಡಿಗೆ ಅದನ್ನು ನೀವೇ ಕೊಂಡೊಯ್ಯಿರಿ. ಕೊಟ್ಟು ಓಡಿಬರದೆ ಹತ್ತು ನಿಮಿಷ ನಿಲ್ಲಿ. "ಏನಾಗಿತ್ತು? ಇದರಲ್ಲಿ ನಾನು ಮಾಡಬಹುದಾದದ್ದು ಯಾವುದು?" ಎಂದು ವಿನಯದಿಂದ ಕೇಳಿ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಣಿಯಿಂದ ತೆಗೆದ ಚಿನ್ನ ಮತ್ತೆ ಗಣಿಗೆ ಬರುವುದಿಲ್ಲ. ಕೈಯಿಂದ ಕೈಗೆ ದಾಟಿಸಿದ ವಿದ್ಯೆ ಮಾತ್ರ ಕೊಟ್ಟವರಲ್ಲೂ ಉಳಿಯುತ್ತದೆ, ಪಡೆದವರಲ್ಲೂ ಬೆಳೆಯುತ್ತದೆ.