ಚಂದಮಾಮದ ಪ್ರೌಢ ಓದುಗರು: ಚಿಕ್ಕಬಳ್ಳಾಪುರ ಸೀಮೆಯ ಹಿನ್ನೆಲೆಯಲ್ಲಿ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರತ್ಯೇಕ ಅಧ್ಯಾಯ ಮೀಸಲಾಗುವುದುಂಟು. ಅದನ್ನು ಓದಿ ಸಂತೋಷಪಟ್ಟ ದೊಡ್ಡವರಿಗೆ ಮಾತ್ರ ಅಲ್ಲಿ ಎಡೆ ದೊರೆತಿಲ್ಲ. ಎಳೆಯರಿಗೆಂದು ಬರೆದುದನ್ನು ಪ್ರೌಢರು ಓದುವುದು ಅಭಿರುಚಿಯ ಕೊರತೆ ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಭಾಷಾಪರಿಸರವನ್ನು ಗಮನಿಸಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ.

ಆಂಧ್ರದ ಗಡಿಗೆ ಹತ್ತಿರವಿರುವ ಈ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವ ಅಕ್ಷರ ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಎರಡೂ ನುಡಿಗಳಲ್ಲಿ ಕೀರ್ತನೆಗಳನ್ನು ರಚಿಸಿದರು. ಕೀರ್ತನೆಗೆ, ಹರಿಕಥೆಗೆ, ಬಯಲಾಟಕ್ಕೆ ಕೂಡುವ ಜನ ವಯಸ್ಸಿನಿಂದ ವಿಂಗಡಣೆಯಾದವರಲ್ಲ. ಕಥೆಯನ್ನು ಹಿರಿಯರು ಕಿರಿಯರು ಒಟ್ಟಿಗೆ ಸವಿಯುವ ರೂಢಿ ಅಚ್ಚಿನ ಕಾಲಕ್ಕಿಂತ ಹಳೆಯದು.

ಈ ರೂಢಿಗೆ ಅಚ್ಚಿನಲ್ಲಿ ಒದಗಿದ ಆಧಾರಗಳಲ್ಲಿ 'ಚಂದಮಾಮ' ಮುಖ್ಯವಾದುದು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು ಹಾಗೂ ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆಯ ಕನ್ನಡ ಆವೃತ್ತಿ 1949ರಲ್ಲಿ ಹೊರಬಂದಿತು. ಮನೆಮಾತಿನ ಕಥೆಯೇ ಕಲಿತ ಅಕ್ಷರದಲ್ಲಿ ದೊರೆಯುವ ಅನುಕೂಲ ಇಂತಹ ದ್ವಿಭಾಷಿಕ ಸೀಮೆಗೆ ಹೀಗೆ ಒದಗಿತು.

ಪತ್ರಿಕೆಯ ಹೂರಣವೂ ಬಾಲರಿಗಷ್ಟೇ ಸೀಮಿತವಾಗಿರಲಿಲ್ಲ. 1954ರಲ್ಲಿ 'ತೋಕಚುಕ್ಕ'ದಿಂದ ಮೊದಲುಗೊಂಡು ದಾಸರಿ ಸುಬ್ರಹ್ಮಣ್ಯಂ ಅವರು ತೆಲುಗಿನಲ್ಲಿ ಬರೆದ ಸಾಹಸ ಧಾರಾವಾಹಿಗಳ ರಸ ಇಂದಿನ ಹದಿಹರೆಯದ ಕಾದಂಬರಿಗಳ ರಸಕ್ಕೆ ಸಮೀಪವಾದುದು. ಬೇತಾಳ ಕಥೆಗಳ ಸ್ವರೂಪ ಇನ್ನೂ ಗಮನಾರ್ಹ. ಪ್ರಾಚೀನ ಚೌಕಟ್ಟನ್ನು ಉಳಿಸಿಕೊಂಡು ಒಳಗೆ ಹೊಸ ಕಥೆಗಳನ್ನು ತುಂಬಿದ ಈ ಮಾಲಿಕೆಯಲ್ಲಿ ಪ್ರತಿ ಕಥೆಯೂ ಒಂದು ಪ್ರಶ್ನೆಯಲ್ಲಿ ನಿಲ್ಲುತ್ತದೆ: ಇವರಲ್ಲಿ ಯಾರ ನಡೆ ಸರಿ? ಬಾಲಕನಿಗೆ ಅದು ಒಗಟು. ಪಂಚಾಯಿತಿ ಕಟ್ಟೆಯಲ್ಲಿ ವ್ಯಾಜ್ಯಗಳನ್ನು ಕಂಡ ಹಿರಿಯನಿಗೆ ಅದು ನ್ಯಾಯವಿಚಾರ. ಒಂದೇ ಪುಟ ಇಬ್ಬರಿಗೂ ಬೇರೆ ಬೇರೆ ಫಲ ಕೊಡಬಲ್ಲುದಾಗಿತ್ತು.

ಪಶ್ಚಿಮದಲ್ಲಿ ಈ ಬಗೆಯ ಓದು ಮಾರುಕಟ್ಟೆಯ ಲೆಕ್ಕಕ್ಕೆ ತಡವಾಗಿ ಬಂದಿತು. 1998ರಲ್ಲಿ ಹ್ಯಾರಿ ಪಾಟರ್ ಮಾಲಿಕೆಯ ಮೊದಲ ಕಾದಂಬರಿಗೆ ಇಂಗ್ಲೆಂಡಿನ ಪ್ರಕಾಶಕರು ದೊಡ್ಡವರಿಗೆಂದೇ ಬೇರೊಂದು ಮುಖಪುಟ ಹಾಕಿಸಿದರು. 2012ರ ಅಮೆರಿಕದ ಬೌಕರ್ ಸಮೀಕ್ಷೆಯಂತೆ 12ರಿಂದ 17 ವಯಸ್ಸಿನವರಿಗೆಂದು ಪ್ರಕಟವಾದ ಪುಸ್ತಕಗಳನ್ನು ಕೊಂಡವರಲ್ಲಿ ಶೇ. 55ರಷ್ಟು ಮಂದಿ 18 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರು. ಚಂದಮಾಮಕ್ಕೆ ಅಂತಹ ಎರಡನೆಯ ಮುಖಪುಟ ಬೇಕಾಗಲಿಲ್ಲ.

2010ರ ದಶಕದ ಆರಂಭದಲ್ಲಿ ಚಂದಮಾಮ ನಿಂತುಹೋಯಿತು. ಅದರೊಂದಿಗೆ ಅಜ್ಜ ಮೊಮ್ಮಕ್ಕಳು ಕೂಡಿ ಓದಬಹುದಾಗಿದ್ದ ಪುಟಗಳು ಇಲ್ಲವಾದವು. ಹಳೆಯ ಸಂಚಿಕೆಗಳನ್ನು ಸಂಗ್ರಹಿಸಿಡುವುದು ಸಾಧ್ಯ. ಅವನ್ನು ಓದಿದ ಹಿರಿಯರ ನೆನಪುಗಳು ಮಾತ್ರ ಅವರೊಡನೆಯೇ ಅಳಿಯುತ್ತವೆ. ಕೃತಿ ಮತ್ತು ಕರ್ತೃಗಳ ಜೊತೆಗೆ ಓದುಗನನ್ನೂ ಚರಿತ್ರೆಯ ಭಾಗವೆಂದು ಒಪ್ಪುವುದಾದರೆ, ಗಡಿಸೀಮೆಯ ಈ ಓದುಗರ ನೆನಪುಗಳನ್ನು ದಾಖಲಿಸುವ ಕೆಲಸ ಇನ್ನು ತಡವಾಗಬಾರದು.