ಮನೆಯಲ್ಲೇ ಚೊರಿಸ್, ಉಪ್ಪು ಮಾಂಸ: ಕರಾವಳಿಯ ಕ್ರಮ ಬಯಲುಸೀಮೆಯಲ್ಲಿ ಹೇಗೆ?

ಮದುವೆ, ಕ್ರಿಸ್‌ಮಸ್, ಚರ್ಚಿನ ವಾರ್ಷಿಕ ಹಬ್ಬ ಎಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಹಂದಿ ಮಾಂಸ ಇರಲೇಬೇಕು. ದುಕ್ರಾಮಾಸ್, ಸೊರ್ಪೊತೆಲ್ ಮಾಡಿ ಎರಡು ಮೂರು ದಿನ ಬಿಸಿ ಮಾಡಿ ಊಟ ಮಾಡುತ್ತೇವೆ. ತಿಂಗಳುಗಟ್ಟಲೆ ಉಳಿಯುವ ಚೊರಿಸ್ ಮಾತ್ರ ಹೆಚ್ಚಾಗಿ ಗೋವೆ ಮತ್ತು ಅದಕ್ಕೆ ತಾಗಿಕೊಂಡ ಕಾರವಾರದ ಕಡೆಯವರ ಕೈಗುಣ. ಪೋರ್ಚುಗೀಸರು ವೈನ್ ಹಾಕಿ ಮಾಡುತ್ತಿದ್ದ ಸಾಸೇಜು ಇಲ್ಲಿ ಕಳ್ಳಿನ ವಿನೆಗರ್ ಮತ್ತು ಒಣಮೆಣಸು ಸೇರಿ ನಮ್ಮದಾಯಿತು.

ಉದ್ಯೋಗ, ಸೇವೆಯ ನಿಮಿತ್ತ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಲ್ಲಿ ಇರುವವರು ಅಜ್ಜಿ ಹೇಳಿದ ಕ್ರಮವನ್ನೇ ಅಲ್ಲಿಯೂ ಅನುಸರಿಸಿದರೆ ಮಾಂಸ ಕೆಡುವ ಸಂಭವವಿದೆ. ತಪ್ಪು ಅಜ್ಜಿಯದಲ್ಲ, ಹವೆಯದು.

ಮೊದಲು ಹಂದಿಯ ವಿಷಯ. 2001ರ ಕೇಂದ್ರ ನಿಯಮದಂತೆ ಪುರಸಭೆಯ ವ್ಯಾಪ್ತಿಯಲ್ಲಿ ಪರವಾನಗಿ ಇರುವ ಕಸಾಯಿಖಾನೆಯ ಹೊರಗೆ ಪ್ರಾಣಿ ಕಡಿಯುವಂತಿಲ್ಲ. ಆದ್ದರಿಂದ ಸಾಕಣೆ ಕೇಂದ್ರದ ಹಂದಿಯನ್ನು ಪಶುವೈದ್ಯರ ತಪಾಸಣೆಯಾದ ಮೇಲೆ ಇಡಿಯಾಗಿಯೋ ಅರ್ಧವೋ ಕೊಳ್ಳುವುದು ಉತ್ತಮ. ಬೀದಿಯಲ್ಲಿ ಅಲೆದು ಮಲಿನ ತಿಂದ ಹಂದಿ ಬೇಡವೇ ಬೇಡ. ದೂರದ ಪೇಟೆಯಿಂದ ತರುವುದಾದರೆ ಐಸ್ ಹಾಕಿದ ಪೆಟ್ಟಿಗೆಯಲ್ಲೇ ತರಬೇಕು. 80 ಕಿಲೋ ತೂಗುವ ಹಂದಿಯಿಂದ ಸುಮಾರು 55ರಿಂದ 60 ಕಿಲೋ ಸಿಗುತ್ತದೆ. ಭುಜ ಮತ್ತು ತೊಡೆ ಚೊರಿಸ್‌ಗೆ, ಹೊಟ್ಟೆಯ ಪದರ ಉಪ್ಪು ಮಾಂಸಕ್ಕೆ, ತಲೆ, ಪಿತ್ತಜನಕಾಂಗ, ಹೃದಯ ಸೊರ್ಪೊತೆಲ್‌ಗೆ, ಮೂಳೆಯ ತುಂಡುಗಳು ದುಕ್ರಾಮಾಸ್‌ಗೆ. ಉಳಿದ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ ಸೋಸಿ ಇಡಬಹುದು.

ಚೊರಿಸ್‌ಗೆ ಮೂರು ಪಾಲು ಮಾಂಸ, ಒಂದು ಪಾಲು ಕೊಬ್ಬು. ಯಂತ್ರದಲ್ಲಿ ಅರೆಯದೆ ಚಾಕುವಿನಿಂದಲೇ ಸಣ್ಣಗೆ ಕತ್ತರಿಸಿದರೆ ರುಚಿ ಬೇರೆಯೇ. ಕಿಲೋಗೆ 25ರಿಂದ 30 ಗ್ರಾಂ ಉಪ್ಪು ಬೇಕು. ಇದನ್ನು ತಕ್ಕಡಿಯಲ್ಲೇ ತೂಗಬೇಕು, ಮುಷ್ಟಿಯ ಅಳತೆ ಸಲ್ಲದು. 30ರಿಂದ 40 ಗ್ರಾಂ ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗ, ಅರಸಿನವನ್ನು ಸುಮಾರು 100 ಮಿ.ಲೀ. ವಿನೆಗರ್‌ನಲ್ಲಿ ನೀರು ತಾಗಿಸದೆ ಅರೆಯಬೇಕು. ಕೆಂಪು ಬಣ್ಣಕ್ಕೆ ಬ್ಯಾಡಗಿ ಮೆಣಸು. ಗದಗದ ಕಡೆ ಇರುವವರಿಗೆ ಅದು ಹೊಲದಿಂದಲೇ ಸಿಗುತ್ತದೆ, ನಾವು ಮಂಗಳೂರಿನಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು! ಬೆರೆಸಿದ್ದನ್ನು ಒಂದು ದಿನ ಫ್ರಿಜ್‌ನಲ್ಲಿಟ್ಟು, ಮಗುಚಿ ಕೆರೆದು ಉಪ್ಪು ಮತ್ತು ವಿನೆಗರ್‌ನಲ್ಲಿ ತೊಳೆದ ಕರುಳಿಗೆ ಗಾಳಿ ಉಳಿಯದಂತೆ ತುಂಬಿ, ಎರಡೆರಡು ಇಂಚಿಗೆ ನೂಲು ಕಟ್ಟಬೇಕು. ಉಪ್ಪು ಮಾಂಸ ಇನ್ನೂ ಸುಲಭ: ಕಿಲೋಗೆ 35 ಗ್ರಾಂ ಉಪ್ಪು ಸವರಿ, ಒಂದು ವಾರ ಫ್ರಿಜ್‌ನಲ್ಲಿ ದಿನಕ್ಕೊಮ್ಮೆ ಮಗುಚಿಟ್ಟು, ಆಮೇಲೆ ತೂಗುಹಾಕುವುದು.

ಒಣಗಿಸುವುದರಲ್ಲೇ ಎಲ್ಲವೂ ಅಡಗಿದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಆದ್ದರಿಂದ ಹಗಲು ಬಿಸಿಲು, ರಾತ್ರಿ ಒಲೆಯ ಮೇಲಿನ ಹೊಗೆ ಎಂಬ ಪದ್ಧತಿ ಬಂತು; ಕೊಡಗಿನವರೂ ಹಂದಿ ಮಾಂಸವನ್ನು ಒಲೆಯ ಮೇಲೆ ಹೊಗೆಗೇ ಕಟ್ಟುತ್ತಾರೆ. ಬಯಲುಸೀಮೆಯ ತೊಂದರೆ ಇದಕ್ಕೆ ತಿರುವುಮುರುವು. ಅಲ್ಲಿನ ಒಣಗಾಳಿಗೆ, ಬಿಸಿಲಿಗೆ ಚೊರಿಸ್‌ನ ಹೊರಮೈ ಎರಡೇ ದಿನದಲ್ಲಿ ಗಟ್ಟಿಯಾಗುತ್ತದೆ. ನೋಡಿದವರು ಒಣಗಿತು ಎಂದುಕೊಳ್ಳುತ್ತಾರೆ. ಆದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ನಡುಭಾಗ ಹಸಿಯಾಗಿಯೇ ಉಳಿದು ಹಳಸುತ್ತದೆ. ಅಲ್ಲಿ ಬಿಸಿಲಿಗೆ ಹಾಕಲೇಬಾರದು. ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಒಳಕೋಣೆಯಲ್ಲಿ ತೂಗುಹಾಕಿ, ಮೊದಲ ಮೂರು ದಿನ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಹಗಲು ಸೆಕೆಯಾದರೆ ಫ್ರಿಜ್‌ಗೆ ಸೇರಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಎಷ್ಟು ದಿನ ಎಂದು ಕೇಳುವವರಿಗೆ ನಮ್ಮ ಉತ್ತರ: ದಿನ ಎಣಿಸಬೇಡಿ, ತೂಕ ನೋಡಿ. ಕಟ್ಟಿದಾಗ 600 ಗ್ರಾಂ ಇದ್ದ ಸರ 400ಕ್ಕೆ ಇಳಿದಾಗ ಆಯಿತು. ಅಂಟಂಟಾಗಿ ವಾಸನೆ ಬಂದರೆ, ಹಸಿರು, ಕಪ್ಪು ಬೂಷ್ಟು ಹಿಡಿದರೆ ಎಸೆಯಿರಿ.

ಗಾಳಿಯಾಡದ ಕರುಳಿನೊಳಗೆ ಬೊಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ರೋಗಾಣು ಬೆಳೆಯಬಲ್ಲದು. ಹಿಂದಿನವರು ಪೆಟ್ಲುಪ್ಪು ಹಾಕುತ್ತಿದ್ದುದು ಇದನ್ನು ತಡೆಯುತ್ತದೆ. ಆದರೆ ಕಣ್ಣಳತೆಯಲ್ಲಿ ಹಾಕಿದರೆ ಅದೇ ವಿಷ. ಶೇ. 6.25 ನೈಟ್ರೈಟ್ ಇರುವ ಸಿದ್ಧ ಕ್ಯೂರಿಂಗ್ ಸಾಲ್ಟ್ ಸಿಕ್ಕಿದರೆ ಕಿಲೋಗೆ 2.5 ಗ್ರಾಂ ಮಾತ್ರ.

ಇನ್ನು ಲಾಡಿ ಹುಳು. ಮಾಂಸದಲ್ಲಿ ಅಕ್ಕಿ ಕಾಳಿನಂತಹ ಬಿಳಿ ಗುಳ್ಳೆ ಕಂಡರೆ ಇಡೀ ಮಾಂಸವನ್ನೇ ಬಿಡಬೇಕು. ಅರೆಬೆಂದದ್ದನ್ನು ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದಲ್ಲಿನ ಮೊಟ್ಟೆ ನೀರು, ಸೊಪ್ಪಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿ ಮಿದುಳಿನಲ್ಲಿ ಗುಳ್ಳೆಯಾಗಿ ಅಪಸ್ಮಾರ ತರುತ್ತದೆ. ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಉಪ್ಪು, ವಿನೆಗರ್ ಮಾತ್ರ ನಂಬಿದರೆ ಸಾಲದು. ಎಷ್ಟೇ ಒಣಗಿದ್ದರೂ ಚೊರಿಸ್ ಅನ್ನು ಈರುಳ್ಳಿ, ಬಟಾಟೆಯೊಂದಿಗೆ ಅದರದೇ ಕೊಬ್ಬಿನಲ್ಲಿ ಒಳಗಿನವರೆಗೆ ಬೇಯಿಸಿಯೇ ಬಡಿಸಿ.

ಕತ್ತರಿಸಿ ಉಳಿದ ಚೂರು, ತೊಳೆದ ನೀರನ್ನು ಬೇರೆ ಹಂದಿಗಳಿಗೆ ಹಾಕಬಾರದು. 2020ರಲ್ಲಿ ಭಾರತಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗಲುವುದಿಲ್ಲ. ಆದರೆ ಅದರ ವೈರಾಣು ಒಣಗಿಸಿದ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಚೂರುಗಳನ್ನು ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ.