ಆರೋಗ್ಯ ಸಂಶೋಧನೆಯಲ್ಲಿ ನೈತಿಕತೆ: ಡಾ. ರೋಲಿ ಮಾಥುರ್ ಅವರ ಕಾರ್ಯ ಮತ್ತು ನಾಗರಿಕರ ಹಕ್ಕುಗಳು

ವಿಜ್ಞಾನಿ ಡಾ. ರೋಲಿ ಮಾಥುರ್ ಅವರು ಬೆಂಗಳೂರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಯೋಎಥಿಕ್ಸ್ ಘಟಕವನ್ನು ಮುನ್ನಡೆಸಿ, 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳ ಸಿದ್ಧತೆಯಲ್ಲಿ ಸಮನ್ವಯದ ಹೊಣೆ ನಿರ್ವಹಿಸಿದರು.

ಇವು ಪಾಂಡವಪುರ ತಾಲ್ಲೂಕಿನ ತೊಣ್ಣೂರಿನ ಮನೆಬಾಗಿಲಿಗೆ ಬರುವ ಸಂಶೋಧಕರಿಗೂ ಅನ್ವಯಿಸುತ್ತವೆ. ರಕ್ತದ ಮಾದರಿ ಪಡೆಯುವ ಮುನ್ನ ಉದ್ದೇಶ ಹಾಗೂ ಅಪಾಯಗಳನ್ನು ಅರ್ಥವಾಗುವ ಭಾಷೆಯಲ್ಲಿ ವಿವರಿಸತಕ್ಕದ್ದು. ಓದುಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಿಯೇ ಹೆಬ್ಬೆರಳಿನ ಗುರುತು ಪಡೆಯತಕ್ಕದ್ದು. ಗ್ರಾಮದ ಮುಖಂಡರು ಸಮ್ಮತಿಸಿದ್ದರೂ ಪ್ರತಿಯೊಬ್ಬರ ಒಪ್ಪಿಗೆ ಪ್ರತ್ಯೇಕವಾಗಿ ಅಗತ್ಯ. ನಿರಾಕರಿಸಿದರೂ, ನಡುವೆ ಹಿಂದೆ ಸರಿದರೂ ಎಂದಿನ ಚಿಕಿತ್ಸೆಗೆ ಅಡ್ಡಿಯಾಗತಕ್ಕದ್ದಲ್ಲ.

ಕಚೇರಿಯ ಅರ್ಜಿಗಳಿಗೆ ಓದದೆ ಸಹಿ ಹಾಕುವ ನಮ್ಮ ರೂಢಿ ಇಲ್ಲಿ ಸಲ್ಲದು. ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ. ನೈತಿಕ ಸಮಿತಿಯ ಸಂಪರ್ಕ ವಿವರ ಅದರಲ್ಲಿರತಕ್ಕದ್ದು.